ಹೊಲದ ದಾರಿಗೆ ಬೇಲಿ ಬಿದ್ದಾಗ: ತಾಲ್ಲೂಕು ಕಚೇರಿಯಿಂದ ಲೋಕ ಅದಾಲತ್ ತನಕ ನಾವು ಓಡಾಡಿದ್ದು

ನಮ್ಮ ಹೊಲದ ದಾರಿಯ ತಕರಾರು ಮೊನ್ನೆ ಮುಗಿಯಿತು. ಲೋಕ ಅದಾಲತ್‌ನಲ್ಲಿ ಆದ ರಾಜಿಯ ನಕಲು ಕೈಗೆ ಬಂದಿದೆ. ನಡುವೆ ಒಂದು ಪೂರ್ತಿ ಮಳೆಗಾಲ ಹೊಲ ಬೀಳು ಬಿತ್ತು. ಇಷ್ಟು ದಿನ ಯಾವ ಕಚೇರಿಗೆ ಹೋಗಬೇಕು, ಯಾರ ಮುಂದೆ ಏನು ಹೇಳಬೇಕು ಎಂದು ತಿಳಿಸಿಕೊಡುವವರು ಒಬ್ಬರೂ ಇರಲಿಲ್ಲ. ಒಬ್ಬರು ಪೊಲೀಸರ ಹತ್ತಿರ ಹೋಗಿ ಅಂದರು, ಇನ್ನೊಬ್ಬರು ಸರ್ವೆ ಮಾಡಿಸಿ ಅಂದರು, ಮತ್ತೊಬ್ಬರು ಕೋರ್ಟಿಗೆ ಹಾಕಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತದೆ ಅಂದರು. ಇದೇ ಕಷ್ಟದಲ್ಲಿರುವವರು ರಾಜ್ಯದಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಮೊದಲು ಜಾಗದ ಪರಿಚಯ. ಊರಿನಿಂದ ಹೊರಡುವ ಬಂಡಿದಾರಿ ಹಳ್ಳದ ತನಕ ಹೋಗುತ್ತದೆ. ಹಳ್ಳ ದಾಟಿದ ಮೇಲೆ ಇನ್ನೂರು ಅಡಿಯಷ್ಟು ದೂರ ಬೇರೆಯವರ ಜಮೀನಿನೊಳಗೆ ಹಾದು ಹೋದರೆ ನಮ್ಮ ಹೊಲ. ತೆಂಗಿನ ಗಿಡಗಳಿವೆ, ಉಳಿದದ್ದರಲ್ಲಿ ರಾಗಿ ಹಾಕುತ್ತೇವೆ. ನಮ್ಮ ಹೊಲ, ಅದರ ಮುಂದಿನ ಜಮೀನು ಎರಡೂ ತಾತನ ಕಾಲದಲ್ಲಿ ಒಂದೇ ಆಗಿದ್ದವು. ಪಾಲಾದಾಗ ಮುಂದಿನ ಭಾಗ ದೊಡ್ಡಪ್ಪನಿಗೆ ಹೋಯಿತು, ಹಿಂದಿನದು ಅಪ್ಪನಿಗೆ ಬಂತು. ಅಪ್ಪ ತೀರಿಕೊಂಡ ಮೇಲೆ ಪಹಣಿ ಅಮ್ಮನ ಹೆಸರಿಗಾಯಿತು. ದೊಡ್ಡಪ್ಪನ ಮಕ್ಕಳು ತಮ್ಮ ಭಾಗ ಮಾರಿದರು. ಕೊಂಡವರು ಹಳ್ಳದ ಈಚೆಗಿನ ಜಮೀನನ್ನೂ ಕೊಂಡು, ಎರಡಕ್ಕೂ ಸೇರಿಸಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದರು. ಗೇಟಿಗೆ ಬೀಗ ಬಿತ್ತು. ಪಕ್ಕದಲ್ಲಿ ಬೋರ್ಡು: ‘ಇದು ಖಾಸಗಿ ಜಾಗ. ಅತಿಕ್ರಮ ಪ್ರವೇಶ ಮಾಡಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು.’

ಅಮ್ಮ ಆ ದಾರಿಯಲ್ಲಿ ಮದುವೆಯಾಗಿ ಬಂದಾಗಿನಿಂದ ಓಡಾಡಿದವರು. ಬೋರ್ಡು ಓದಿಸಿಕೊಂಡು, ‘ನಮ್ಮ ಹೊಲಕ್ಕೆ ಹೋಗೋಕೆ ನಾವೇ ಕಳ್ಳರಾದ್ವಾ?’ ಅಂದರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಊರಿನ ಹುಡುಗರು ತಂತಿ ಕತ್ತರಿಸಿ ಬಿಸಾಡೋಣ ಎಂದು ಹೊರಟಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ದಾರಿಯ ಹಕ್ಕಿನ ಬಗ್ಗೆ ಇರುವ ಮುಖ್ಯ ಕಾಯ್ದೆ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ. ಅದರ 36ನೇ ಕಲಂ ನೇರವಾಗಿ ಹೇಳುತ್ತದೆ: ಅಡ್ಡಿ ಹಾಕಿದ್ದು ತಪ್ಪೇ ಆಗಿದ್ದರೂ ಹಕ್ಕುದಾರ ತಾನೇ ಅದನ್ನು ಕಿತ್ತು ಹಾಕುವಂತಿಲ್ಲ. ತಂತಿ ಕತ್ತರಿಸಿದರೆ ನಮ್ಮ ಮೇಲೆಯೇ ನಷ್ಟದ ಕೇಸು ಬೀಳುತ್ತದೆ. ಆಮೇಲೆ ದಾರಿಯ ಮಾತು ಹಿಂದೆ ಸರಿದು, ಆ ಕೇಸೇ ದೊಡ್ಡದಾಗುತ್ತದೆ.

ಆದರೂ ಒಂದು ದಿನ ಪೊಲೀಸ್ ಠಾಣೆಯಿಂದ ಫೋನು ಬಂತು. ಉದುರಿದ ಕಾಯಿ ಆರಿಸಲು ತಮ್ಮ ಒಬ್ಬ ಆಳನ್ನು ಕರೆದುಕೊಂಡು ತಂತಿಯ ಕೆಳಗೆ ನುಸುಳಿ ಹೋಗಿದ್ದ. ಅದಕ್ಕೆ ಅತಿಕ್ರಮ ಪ್ರವೇಶ ಎಂದು ದೂರು. ನನ್ನ ಕೈಕಾಲು ತಣ್ಣಗಾಗಿತ್ತು. ಠಾಣೆಯಲ್ಲಿದ್ದ ಅಧಿಕಾರಿ ಇಬ್ಬರ ಮಾತನ್ನೂ ಕೇಳಿ, ‘ಇದು ಸಿವಿಲ್ ವಿಷಯ. ತಹಶೀಲ್ದಾರ್ ಹತ್ತಿರ ಹೋಗಿ, ಇಲ್ಲಾಂದ್ರೆ ಕೋರ್ಟಿಗೆ ಹೋಗಿ. ಅಲ್ಲೀ ತನಕ ಜಗಳ ಮಾಡ್ಕೋಬೇಡಿ’ ಎಂದು ಕಳಿಸಿದರು. ಈ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದು ಆಮೇಲೆ ವಕೀಲರು ಬಿಡಿಸಿ ಹೇಳಿದರು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 441 ಮತ್ತು 447ನೇ ಕಲಂಗಳ ವಿಷಯ ಈಗ 329ರಲ್ಲಿದೆ. ಬೇರೆಯವರ ಜಾಗಕ್ಕೆ ಬರೀ ಕಾಲಿಟ್ಟ ಮಾತ್ರಕ್ಕೆ ಅದು ಅಪರಾಧ ಆಗುವುದಿಲ್ಲ. ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಕೊಡುವ ಉದ್ದೇಶ ಇರಬೇಕು. ಸಾಬೀತಾದರೆ ಮೂರು ತಿಂಗಳ ತನಕ ಜೈಲು, ಐದು ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ತನ್ನ ಹೊಲಕ್ಕೆ ವಾಡಿಕೆಯ ದಾರಿಯಲ್ಲಿ ಹೋದವನಿಗೆ ಆ ಉದ್ದೇಶ ಇತ್ತು ಎಂದು ತೋರಿಸುವುದು ಸುಲಭವಲ್ಲ. ಬೋರ್ಡು ನೋಡಿಯೇ ಹೆದರಿ ಓಡಾಟ ನಿಲ್ಲಿಸಿಬಿಡುವವರಿಗೆ ಇದು ಗೊತ್ತಿರಬೇಕು. ಹಾಗಂತ ಅಲ್ಲಿ ನಿಂತು ಕೂಗಾಡಿದರೆ, ಬೆದರಿಸಿದರೆ ಮಾತೇ ಬೇರೆಯಾಗುತ್ತದೆ.

ಅಲ್ಲಿಂದ ಬಂದ ಮೇಲೆ ದಾಖಲೆ ಹುಡುಕಲು ಕೂತೆವು. ಇಡೀ ಓಡಾಟದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ ಕೆಲಸ. ‘ನಮಗೆ ದಾರಿ ಇದೆ’ ಎಂದರೆ ಸಾಲದು. ಯಾವ ತರಹದ ದಾರಿ ಎಂದು ಗೊತ್ತಾಗಬೇಕು. ಅದರ ಮೇಲೆ ಯಾವ ಕಚೇರಿ ಎಂಬುದು ತೀರ್ಮಾನವಾಗುತ್ತದೆ.

ಗ್ರಾಮ ನಕಾಶೆಯಲ್ಲಿ ಇರುವ ದಾರಿ ಒಂದು ತರಹ. ಅದು ಯಾರ ಸರ್ವೆ ನಂಬರಿನೊಳಗೆ ಹಾದು ಹೋಗಿದ್ದರೂ ಎಲ್ಲರೂ ಓಡಾಡುವ ದಾರಿ. ನಕಾಶೆ ಕಂದಾಯ ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಚುಕ್ಕೆಗಳ ಒಂದು ಸಾಲು ಇದ್ದರೆ ಕಾಲುದಾರಿ, ಅಕ್ಕಪಕ್ಕ ಎರಡು ಸಾಲು ಇದ್ದರೆ ಬಂಡಿದಾರಿ. ನಾನು ಅದನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಅಮ್ಮನ ಮುಂದೆ ಹರಡಿ, ಊರ ಕೆರೆಯಿಂದ ಶುರು ಮಾಡಿ ಬೆರಳಿಟ್ಟು ನೋಡುತ್ತಾ ಹೋದೆ. ಎರಡು ಸಾಲು ಚುಕ್ಕೆ ಹಳ್ಳದ ತನಕ ಬಂದವು. ಹಳ್ಳದ ಗೆರೆ ಮುಟ್ಟಿ ನಿಂತುಬಿಟ್ಟವು. ಆಚೆ ಏನೂ ಇಲ್ಲ, ಬರೀ ಸರ್ವೆ ನಂಬರಿನ ಅಂಕಿ. ಅಮ್ಮನ ಮುಖ ನೋಡಲಾಗಲಿಲ್ಲ.

ಅಂದರೆ ನಮ್ಮ ದಾರಿ ಎರಡು ತುಂಡು. ಹಳ್ಳದ ತನಕದ್ದು ನಕಾಶೆಯ ದಾರಿ. ಹಳ್ಳದ ಆಚೆಯ ಇನ್ನೂರು ಅಡಿ ಪಾಲಿನಿಂದ ಹುಟ್ಟಿದ ದಾರಿ. ಈಸ್‌ಮೆಂಟ್ ಕಾಯ್ದೆಯ 13ನೇ ಕಲಂ ಇಲ್ಲಿ ಬರುತ್ತದೆ. ಜಂಟಿ ಆಸ್ತಿ ಪಾಲಾದಾಗ, ಒಂದು ಭಾಗವನ್ನು ಅನುಭವಿಸಲು ಇನ್ನೊಂದು ಭಾಗದ ಮೇಲೆ ಹಾದು ಹೋಗದೆ ಬೇರೆ ದಾರಿಯೇ ಇಲ್ಲದಿದ್ದರೆ, ಆ ಹಕ್ಕು ಪಾಲಿನ ಜೊತೆಗೇ ಬರುತ್ತದೆ. ಮುಂದೆ ಜಮೀನು ಯಾರ ಕೈಗೆ ಹೋದರೂ ಹಕ್ಕು ಉಳಿಯುತ್ತದೆ. ಆದರೆ 41ನೇ ಕಲಂ ಪ್ರಕಾರ ಆ ಅನಿವಾರ್ಯತೆ ಮುಗಿದರೆ ಹಕ್ಕೂ ಮುಗಿಯುತ್ತದೆ. ನಾಳೆ ನಮ್ಮ ಹೊಲದ ಇನ್ನೊಂದು ಬದಿಯಲ್ಲಿ ರಸ್ತೆಯಾದರೆ ಈ ಹಕ್ಕು ಕೇಳುವ ಹಾಗಿಲ್ಲ.

ಪಾಲಿನ ಸಂಬಂಧ ಇಲ್ಲದವರಿಗೆ 15ನೇ ಕಲಂ ಇದೆ. ಇಪ್ಪತ್ತು ವರ್ಷ ಜಗಳವಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ, ತಡೆಯಿಲ್ಲದೆ ಓಡಾಡಿದ್ದರೆ ಹಕ್ಕು ಬರುತ್ತದೆ. ಸರ್ಕಾರಿ ಜಮೀನಾದರೆ ಮೂವತ್ತು ವರ್ಷ. ಆದರೆ ಪಕ್ಕದವರ ಅನುಮತಿ ಕೇಳಿಕೊಂಡು ಓಡಾಡಿದ್ದರೆ ಎಷ್ಟು ವರ್ಷವಾದರೂ ಅದು ಅನುಮತಿಯೇ. ಸಾಮಾನ್ಯವಾಗಿ ಕೊಟ್ಟವರು ವಾಪಸ್ ತೆಗೆದುಕೊಳ್ಳಬಹುದು. ಹಾಗಾಗಿ ಯಾರಾದರೂ ‘ನೀವು ನಮ್ಮ ಒಪ್ಪಿಗೆಯಿಂದ ಓಡಾಡ್ತಿದ್ದೀರಿ ಅಂತ ಒಂದು ಚೀಟಿ ಬರೆದುಕೊಡಿ, ಗೇಟು ತೆಗೀತೀನಿ’ ಎಂದರೆ ಸುಮ್ನೆ ಸಹಿ ಹಾಕಬೇಡಿ. ವಕೀಲರಿಗೆ ತೋರಿಸಿ. ನಮಗೂ ಅಂಥ ಕಾಗದ ಬಂದಿತ್ತು.

ಮನೆಯ ಪೆಟ್ಟಿಗೆಯಲ್ಲಿ ತಾತನ ಕಾಲದ ಪಾಲುಪಟ್ಟಿ ಸಿಕ್ಕಿತು. ಮಡಿಕೆಯಲ್ಲಿ ಹರಿದಿದೆ, ಶಾಯಿ ಕಂದಾಗಿದೆ. ಕೊನೆಯ ಹಾಳೆಯಲ್ಲಿ ಒಂದು ಸಾಲು ಇತ್ತು: ‘ಮಾಮೂಲು ದಾರಿಯಲ್ಲಿ ಗಾಡಿ ದನಕರು ಸಹಿತ ಓಡಾಡಿಕೊಳ್ಳತಕ್ಕದ್ದು.’ ಓದಿ ಕಣ್ಣು ತುಂಬಿ ಬಂತು. ಆದರೆ ವಕೀಲರು ನೋಡಿ, ‘ಇದು ನೋಂದಣಿ ಆಗಿಲ್ಲ. ಇದೊಂದನ್ನೇ ನೆಚ್ಚಿಕೊಳ್ಳೋಕೆ ಆಗಲ್ಲ’ ಅಂದರು.

ದಾರಿ ತೋರಿಸಿದ್ದು ಸಬ್‌ರಿಜಿಸ್ಟ್ರಾರ್ ಕಚೇರಿ. ಎದುರಿನವರ ಕ್ರಯಪತ್ರವನ್ನೇ ತೆಗೆಸಿ ನೋಡಿ ಎಂದು ಅಲ್ಲಿನ ಪತ್ರಬರಹಗಾರರೊಬ್ಬರು ಹೇಳಿದರು. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೆಯಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲು ಸರ್ವೆ ನಂಬರ್ ಕೊಟ್ಟು ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ. ಅದರಲ್ಲಿ ಕ್ರಯಪತ್ರದ ನಂಬರ್ ಸಿಗುತ್ತದೆ. ಆ ನಂಬರ್ ಇಟ್ಟು ನಕಲಿಗೆ ಅರ್ಜಿ ಹಾಕಿ. ನಮಗೆ ನಕಲು ಬಂದಾಗ ಸೀದಾ ಚೆಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರ ಇರುವ ಹಾಳೆ ತೆಗೆದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಜಮೀನು, ಉತ್ತರಕ್ಕೆ ‘ಓಡಾಡುವ ಬಂಡಿದಾರಿ’. ಅವರೇ ಸಹಿ ಹಾಕಿ ಕೊಂಡ ಪತ್ರದಲ್ಲಿ ನಮ್ಮ ದಾರಿ ಕೂತಿತ್ತು. ಈ ಎರಡು ಪದ ಮುಂದೆ ನಮ್ಮನ್ನು ಕಾಪಾಡಿದವು.

ಇನ್ನು ತಾಲ್ಲೂಕು ಕಚೇರಿ. ಬಾಗಿಲ ಬೋರ್ಡಿನಲ್ಲಿ ‘ತಹಶೀಲ್ದಾರ್ ಹಾಗೂ ತಾಲ್ಲೂಕು ಕಾರ್ಯನಿರ್ವಾಹಕ ದಂಡಾಧಿಕಾರಿ’ ಎಂದು ಇರುತ್ತದೆ ಅಲ್ವಾ, ಆ ಎರಡನೆಯ ಅಧಿಕಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ದಾರಿ ಅಥವಾ ನೀರು ಬಳಸುವ ಹಕ್ಕಿನ ಜಗಳದಿಂದ ಶಾಂತಿ ಕೆಡುವ ಹಾಗಿದ್ದರೆ ದಂಡಾಧಿಕಾರಿ ಇಬ್ಬರನ್ನೂ ಕರೆಸಿ ವಿಚಾರಿಸಿ, ಅಡ್ಡಿ ಮಾಡಬೇಡಿ ಎಂದು ಆದೇಶ ಕೊಡಬಹುದು. ಮೊದಲು ಇದು ಸಿಆರ್‌ಪಿಸಿ 147ನೇ ಕಲಂ. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166. ನಕಾಶೆಯಲ್ಲಿರುವ ಕಾಲುದಾರಿ, ಬಂಡಿದಾರಿ ಮುಚ್ಚಿದ್ದರೆ ತೆರವು ಮಾಡಿಸಿ ಎಂದು ಕಂದಾಯ ಇಲಾಖೆ 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆಯನ್ನೂ ಹೊರಡಿಸಿದೆ. ಅರ್ಜಿಯ ಜೊತೆ ಆ ಸುತ್ತೋಲೆಯ ಪ್ರತಿ ಲಗತ್ತಿಸಿ.

ಇಲ್ಲೊಂದು ಗಡುವು ಇದೆ, ಬಹಳ ಜನ ಎಡವುವುದು ಇಲ್ಲೇ. ವರ್ಷವಿಡೀ ಬಳಸುವ ದಾರಿಯಾದರೆ, ದಂಡಾಧಿಕಾರಿಗೆ ಮಾಹಿತಿ ಮುಟ್ಟುವ ಹಿಂದಿನ ಮೂರು ತಿಂಗಳೊಳಗೆ ನೀವು ಅದನ್ನು ಬಳಸಿರಬೇಕು. ಹಂಗಾಮಿನಲ್ಲಿ ಮಾತ್ರ ಬಳಸುವುದಾದರೆ ಹಿಂದಿನ ಹಂಗಾಮಿನಲ್ಲಿ ಬಳಸಿರಬೇಕು. ಹಿರಿಯರು ಮಾತಾಡಿ ಸರಿಮಾಡುತ್ತಾರೆ, ಹಬ್ಬ ಕಳೆಯಲಿ, ಎಂದು ಕಾಯುತ್ತಾ ಕೂತರೆ ಈ ಅವಕಾಶ ಕೈತಪ್ಪುತ್ತದೆ. ಮಾತುಕತೆ ನಡೆಯುತ್ತಿರಲಿ, ಅರ್ಜಿಯೂ ಕೊಟ್ಟಿರಿ. ದಾರಿ ಯಾವಾಗ ಮುಚ್ಚಿದರು, ಕೊನೆಗೆ ಯಾವಾಗ ಗಾಡಿ ಹೋಗಿತ್ತು, ಎಲ್ಲ ತಾರೀಖು ಹಾಕಿ ಬರೆಯಿರಿ. ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಕೈಯಲ್ಲಿ ಕೊಟ್ಟು ಬಂದ ಅರ್ಜಿ ಕೊಟ್ಟಂತೆಯೇ ಅಲ್ಲ.

ಆಮೇಲಿನದು ಕಾಯುವ ಕೆಲಸ. ಗ್ರಾಮ ಆಡಳಿತ ಅಧಿಕಾರಿ ಬಂದು ನೋಡಿದರು. ಕಂದಾಯ ನಿರೀಕ್ಷಕರು ಬರುವುದು ಚುನಾವಣೆ ಕೆಲಸದಿಂದ ತಡವಾಯಿತು. ಬಂದ ದಿನ ಸ್ಥಳ ಮಹಜರು ಬರೆದರು. ಅಕ್ಕಪಕ್ಕದ ಹೊಲದವರು ಸಾಕ್ಷಿ ಹಾಕಬೇಕು. ಬೆಳಿಗ್ಗೆ ಬರುತ್ತೇವೆ ಎಂದವರಲ್ಲಿ ಕೆಲವರು ಬರಲೇ ಇಲ್ಲ. ಜಮೀನು ಕೊಂಡವರ ಹತ್ತಿರ ಕೂಲಿಗೆ ಹೋಗುತ್ತಾರೆ, ಅವರನ್ನು ದೂರಲಾರೆ. ಕೊನೆಗೆ ಎಂಬತ್ತು ದಾಟಿದ ಅಜ್ಜರೊಬ್ಬರು ಕೋಲೂರಿಕೊಂಡು ಬಂದು, ‘ಈ ದಾರೀಲಿ ನಾನು ಇವರ ತಾತನ ಗಾಡಿ ಹೊಡೆದಿದ್ದೀನಿ, ಬರ್ಕೊಳ್ಳಿ ಸ್ವಾಮಿ’ ಎಂದು ಹೆಬ್ಬೆಟ್ಟು ಒತ್ತಿದರು. ಅವರ ಋಣ ನಮ್ಮ ಮೇಲಿದೆ.

ಅಷ್ಟರಲ್ಲಿ ತಹಶೀಲ್ದಾರರ ವರ್ಗಾವಣೆ ಆಯಿತು. ಹೊಸಬರಿಗೆ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಇಂಥದ್ದಕ್ಕೆ ಸಿದ್ಧರಾಗಿರಿ. ಎಲ್ಲ ದಾಖಲೆಗಳ ಒಂದು ಪೂರ್ತಿ ಸೆಟ್ ಯಾವಾಗಲೂ ಚೀಲದಲ್ಲಿರಲಿ. ಮೇಲೆ ಒಂದು ಪುಟದಲ್ಲಿ ತಾರೀಖುವಾರು ವಿವರ ಬರೆದಿಟ್ಟಿದ್ದರೆ ಹೊಸ ಅಧಿಕಾರಿ ಎರಡು ನಿಮಿಷದಲ್ಲಿ ಓದುತ್ತಾರೆ. ಕಡತ ಹುಡುಕಿ ಬರಲಿ ಎಂದು ಕಾಯುವುದು ತಪ್ಪುತ್ತದೆ.

ಸರ್ವೆಯ ದಿನ ಎರಡೂ ಕಡೆಯವರು ಇದ್ದೆವು. ಸರ್ವೇಯರ್ ಟಿಪ್ಪಣಿ, ಅಂದರೆ ಹಳೆಯ ಅಳತೆಯ ದಾಖಲೆ ಹಿಡಿದು ಬಾಂದುಕಲ್ಲು ಹುಡುಕಿದರು. ಒಂದು ಕಲ್ಲು ಲಂಟಾನ ಪೊದೆಯೊಳಗೆ ಸೇರಿಹೋಗಿತ್ತು. ಮಚ್ಚಿನಿಂದ ಕಡಿದು, ಮಣ್ಣು ಕೆರೆದ ಮೇಲೆ ಅದರ ತಲೆ ಕಾಣಿಸಿತು. ಅಲ್ಲಿಂದ ಅಳೆದಾಗ ಹಳ್ಳದ ಈಚೆಗಿನ ಬೇಲಿ ಬಂಡಿದಾರಿಯ ಮೇಲೆಯೇ ಇದೆ ಎಂದು ಗೊತ್ತಾಯಿತು. ಸ್ವಲ್ಪ ದಿನಕ್ಕೆ ಆದೇಶ ಬಂತು, ಕಂದಾಯದವರು, ಪೊಲೀಸರು ನಿಂತು ಕಂಬ ತೆಗೆಸಿದರು. ಹಳ್ಳದ ಆಚೆಗೆ ಮಾತ್ರ ‘ನಕಾಶೆಯಲ್ಲಿ ದಾರಿ ಇಲ್ಲ, ಸಿವಿಲ್ ನ್ಯಾಯಾಲಯದಲ್ಲಿ ಹಕ್ಕು ಇತ್ಯರ್ಥ ಮಾಡಿಕೊಳ್ಳುವುದು’ ಎಂದು ಬರೆದಿದ್ದರು. ಹಳ್ಳದ ತನಕ ಟ್ರ್ಯಾಕ್ಟರ್ ಹೋಗುತ್ತದೆ, ಎದುರಿಗೆ ಹೊಲ ಕಾಣುತ್ತದೆ, ಆದರೆ ಇನ್ನೂರು ಅಡಿ ದಾಟುವಂತಿಲ್ಲ. ಆ ಮುಂಗಾರಿನಲ್ಲಿ ರಾಗಿ ಬಿತ್ತಲಾಗಲಿಲ್ಲ. ನಮಗೆ ಅತಿ ಜಾಸ್ತಿ ನೋವಾದದ್ದು ಆಗಲೇ.

ಕೋರ್ಟಿನ ಖರ್ಚಿನ ಭಯವಿತ್ತು. ಇಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಾಗಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಮೀನು ಅಮ್ಮನ ಹೆಸರಿನಲ್ಲಿತ್ತು. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಕೋರ್ಟಿನ ಆವರಣದಲ್ಲೇ ಇದೆ. ಅಮ್ಮನ ಆಧಾರ್, ಪಹಣಿ, ಒಂದು ಅರ್ಜಿ ಕೊಟ್ಟೆವು. ವಕೀಲರನ್ನು ನೇಮಿಸಿದರು. ಪುಕ್ಕಟೆ ವಕೀಲರು ಗಮನ ಕೊಡುವುದಿಲ್ಲ ಎಂದು ಜನ ಹೇಳುತ್ತಾರೆ. ನಮಗೆ ಸಿಕ್ಕವರು ಮಳೆಯಲ್ಲಿ ಹಳ್ಳ ದಾಟಿ ಬಂದು ಜಾಗ ನೋಡಿದರು.

ದಾವೆಯಲ್ಲಿ ಎರಡು ಕೇಳಿದೆವು. ದಾರಿಯ ಹಕ್ಕಿದೆ ಎಂದು ಘೋಷಿಸಬೇಕು, ಅಡ್ಡಿ ಮಾಡದಂತೆ ತಡೆಯಾಜ್ಞೆ ಕೊಡಬೇಕು. ಹಕ್ಕಿಗೆ ಆಧಾರವಾಗಿ ಈಸ್‌ಮೆಂಟ್ ಕಾಯ್ದೆಯ 13ನೇ ಕಲಂ ಅನ್ನೂ 15ನೇ ಕಲಂ ಅನ್ನೂ ಹೇಳಿದೆವು. ವಕೀಲರು ಇನ್ನೊಂದು ಎಚ್ಚರಿಕೆ ಕೊಟ್ಟರು. 15ರಲ್ಲಿ ಹೇಳಿರುವ ಇಪ್ಪತ್ತು ವರ್ಷ, ದಾವೆ ಹಾಕುವ ದಿನಕ್ಕೆ ಹಿಂದಿನ ಎರಡು ವರ್ಷದೊಳಗೆ ಕೊನೆಗೊಂಡಿರಬೇಕು. ಬೇಲಿ ಬಿದ್ದು ಬಹಳ ವರ್ಷವಾದ ಮೇಲೆ ಬಂದರೆ ಆ ಕಲಂ ಸಿಗುವುದಿಲ್ಲ.

ನ್ಯಾಯಾಧೀಶರು ಕ್ರಯಪತ್ರದ ಚೆಕ್ಕುಬಂದಿ ಓದಿ, ಎದುರಿನ ವಕೀಲರನ್ನು ಆ ಬಗ್ಗೆ ಕೇಳಿದರು. ಅವರ ಹತ್ತಿರ ಉತ್ತರ ಇರಲಿಲ್ಲ. ರಾಜಿಗೆ ಪ್ರಯತ್ನಿಸಿ ಎಂದು ಅದಾಲತ್‌ಗೆ ಕಳಿಸಿದರು.

ಅಲ್ಲಿ ಮೊದಲ ಸಲ ಎದುರಿನವರ ಜೊತೆ ಕೂತು ಮಾತಾಡಿದೆ. ಅವರ ಮಾತಿನಲ್ಲೂ ಸತ್ಯ ಇತ್ತು. ಅವರ ಪಂಪ್‌ಸೆಟ್ಟಿನ ಕೇಬಲ್ ಕಳುವಾಗಿತ್ತು, ಅದಕ್ಕೇ ಬೇಲಿ. ಜಮೀನು ತೋರಿಸಿದ ದಲ್ಲಾಳಿ ಯಾವ ದಾರಿಯೂ ಇಲ್ಲ ಎಂದಿದ್ದನಂತೆ. ‘ನೋಡಿ ಅಮ್ಮ, ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ನನ್ನ ತೋಟದ ಮಧ್ಯೆ ಟ್ರ್ಯಾಕ್ಟರ್ ಹೋಗೋದು ಬೇಡ ಅಷ್ಟೇ’ ಅಂದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬದುವಿನ ಪಕ್ಕದಲ್ಲಿ ಬಿಡಿಪ್ಪ, ನಮಗೇನು ಮಧ್ಯದಲ್ಲೇ ಬೇಕು ಅಂತಿಲ್ಲ’ ಅಂದರು. ಕಾನೂನೂ ಹಾಗೇ ಇದೆ. ದಾರಿ ಗುರುತು ಮಾಡಿಕೊಡುವ ಹಕ್ಕು ಜಮೀನಿನವರದು, ಆದರೆ ಅದು ನಮಗೆ ಅನುಕೂಲವಾಗುವಂತೆ ಇರಬೇಕು. ನಾವೂ ಅವರಿಗೆ ಆದಷ್ಟು ಕಡಿಮೆ ತೊಂದರೆಯಾಗುವ ಹಾಗೆ ಬಳಸಬೇಕು. ಉತ್ತರದ ಬದುವಿಗೆ ಹೊಂದಿಕೊಂಡು ಹನ್ನೆರಡು ಅಡಿ ಅಗಲ ಎಂದು ಒಪ್ಪಿದೆವು. ಗೇಟು ಇರುತ್ತದೆ, ಅದರ ಒಂದು ಕೀಲಿ ನಮ್ಮ ಹತ್ತಿರ. ಬೇಲಿ ಸರಿಸುವ ಖರ್ಚಿನಲ್ಲಿ ಅರ್ಧ ನಮ್ಮದು.

ರಾಜಿ ಪತ್ರ ಬರೆಯುವಾಗ ಅವಸರ ಮಾಡಬೇಡಿ. ಒಂದು ತರಹದ ದಾರಿಯ ಹಕ್ಕಿನಲ್ಲಿ ಇನ್ನೊಂದು ತರಹದ ಹಕ್ಕು ಸೇರುವುದಿಲ್ಲ ಎಂದು ಈಸ್‌ಮೆಂಟ್ ಕಾಯ್ದೆಯ 28ನೇ ಕಲಂ ಹೇಳುತ್ತದೆ. ‘ಓಡಾಡಲು ದಾರಿ’ ಎಂದಷ್ಟೇ ಬರೆದರೆ ನಾಳೆ ನಡೆದುಕೊಂಡು ಹೋಗಿ ಎನ್ನಬಹುದು. ನಾವು ಟ್ರ್ಯಾಕ್ಟರ್, ಲಾರಿ, ಕಟಾವು ಯಂತ್ರ, ದನಕರು ಎಂದು ಒಂದೊಂದನ್ನೂ ಬರೆಸಿದೆವು. ನೀರಿನ ಪೈಪು, ಕರೆಂಟು ಕಂಬಕ್ಕೂ ಬೇರೆಯಾಗಿ ಒಪ್ಪಿಗೆ ಬರೆಸಿದೆವು. ಅಗಲ, ಉದ್ದ ಅಡಿಯಲ್ಲಿ ಇರಲಿ, ಸರ್ವೇಯರ್ ನಕ್ಷೆ ಜೊತೆಗಿರಲಿ. ದುರಸ್ತಿ ಬಳಸುವವರದೇ ಖರ್ಚು, ಅದು ಕಾಯ್ದೆಯಲ್ಲೇ ಇದೆ.

ಅದಾಲತ್‌ನ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ, ಅಂದರೆ ತೀರ್ಪಿನ ಆದೇಶದ ಬೆಲೆ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಕೋರ್ಟ್ ಶುಲ್ಕ ಕಟ್ಟಿದ್ದವರಿಗೆ ಅದು ವಾಪಸ್ ಬರುತ್ತದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ನಕಲು, ಇಸಿ, ಸರ್ವೆ, ಬಸ್ಸು, ಜೆರಾಕ್ಸ್ ಎಲ್ಲ ಸೇರಿ ಹದಿನೈದು ಸಾವಿರ ರೂಪಾಯಿ ಹತ್ತಿರ ಆಗಿರಬಹುದು. ಬೇಲಿಯ ಅರ್ಧ ಖರ್ಚು ಬೇರೆ. ತಲೆಹೊರೆಯಲ್ಲಿ ಕಾಯಿ ಸಾಗಿಸಿದ ಕೂಲಿ ಅದಕ್ಕಿಂತ ಜಾಸ್ತಿ. ಬಿತ್ತದೆ ಹೋದ ರಾಗಿಯನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಉಳಿದಿರುವುದು ಒಂದು ಕೆಲಸ. ಪಹಣಿಯ 11ನೇ ಕಾಲಂ ಇತರ ಹಕ್ಕು ಮತ್ತು ಋಣಗಳದು. ಎದುರಿನವರ ಪಹಣಿಯ ಆ ಕಾಲಂನಲ್ಲಿ ನಮ್ಮ ದಾರಿಯ ಹಕ್ಕನ್ನು ನಮೂದಿಸಲು ಡಿಕ್ರಿಯ ನಕಲು ಲಗತ್ತಿಸಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಮುಂದೆ ಅವರು ಜಮೀನು ಮಾರಿದರೂ ಕೊಳ್ಳುವವರ ಕಣ್ಣಿಗೆ ಬೀಳಲಿ ಎಂದು. ಎದುರಿನವರೂ ಆಕ್ಷೇಪಣೆ ಇಲ್ಲ ಎಂದು ಸಹಿ ಹಾಕಿ ಕೊಟ್ಟಿದ್ದಾರೆ.